ಚೀಟಪ್ಪನ ಕೆಂಪು ಚೀಟಿ

ಹೂವಿನ ಚಕ್ರ ಬಾಗಿಲಲ್ಲಿ ಹಿಡಿಸಲಿಲ್ಲ. ಸಮವಸ್ತ್ರದ ಇಬ್ಬರು ಅದನ್ನು ಮೊದಲು ನೇರವಾಗಿ, ಆಮೇಲೆ ಓರೆಯಾಗಿ, ಕೊನೆಗೆ ಮಂಚ ಸಾಗಿಸುವವರಂತೆ ತಲೆಯ ಮೇಲೆತ್ತಿ ಒಳಗೆ ತರಲು ನೋಡಿದರು. ಪ್ರತಿ ಸಲವೂ ಚೌಕಟ್ಟಿಗೆ ಉಜ್ಜಿ ಬಿಳಿ ಹೂಗಳು ಹೊಸ್ತಿಲ ಮೇಲೆ ಉದುರಿದವು. ಹಿಂದೆ ನಿಂತಿದ್ದ ಅಧಿಕಾರಿ, "ನಿಧಾನ, ನಿಧಾನ, ರಿಬ್ಬನ್ ಹರೀಬಾರ್ದು," ಎನ್ನುತ್ತಿದ್ದ.

ಒಳಗೆ ಶವಪೆಟ್ಟಿಗೆಯ ಪಕ್ಕದಲ್ಲಿದ್ದ ಮಗಳು ಸಹಾಯಕ್ಕೆ ಹೋಗಲಿಲ್ಲ. ಅವಳು ನಗರದ ಬಸ್ಸು ಓಡಿಸುವವಳು. ಇಕ್ಕಟ್ಟಿನ ಜಾಗದಲ್ಲಿ ದೊಡ್ಡದನ್ನು ಹೇಗೆ ತಿರುಗಿಸಬೇಕೆಂದು ಬಲ್ಲವಳು. ಆದರೂ ಕೈಕಟ್ಟಿ ನೋಡುತ್ತ ನಿಂತಳು.

"ಹೊರಗೇ ಇಡಿ," ಎಂದಳು ಕೊನೆಗೆ. "ಅಪ್ಪ ಬದುಕಿದ್ದಾಗ ನಿಮ್ಮ ಕಡೆಯವರು ಯಾರೂ ಈ ಹೊಸ್ತಿಲು ದಾಟ್ಲಿಲ್ಲ. ಇವತ್ತು ಹೂವು ದಾಟಿ ಏನಾಗ್ಬೇಕು?"

ಅಧಿಕಾರಿಗೆ ಮೂವತ್ತೈದರ ಒಳಗಿನ ವಯಸ್ಸು. ಗಡ್ಡ ಆಗತಾನೇ ಹೆರೆದದ್ದು, ಕೈಯಲ್ಲಿ ಚರ್ಮದ ಕಡತ. ಆತ ಸಿಟ್ಟಾಗಲಿಲ್ಲ. ಚಕ್ರವನ್ನು ಹೊರಗಿನ ಗೋಡೆಗೆ, ನೀರಿನ ಮೀಟರಿನ ಪೆಟ್ಟಿಗೆಯ ಮೇಲೆ ಒರಗಿಸಿ ಇಡಿಸಿದ. "ನಿಷ್ಠಾವಂತ ಸಹೋದ್ಯೋಗಿಗೆ ಘಟಕದ ಕೃತಜ್ಞತೆಗಳು" ಎಂದು ರಿಬ್ಬನ್ನಿನ ಮೇಲೆ ಚಿನ್ನದ ಬಣ್ಣದಲ್ಲಿ ಬರೆದಿತ್ತು.

"ನಾನು ಈ ಘಟಕಕ್ಕೆ ಬಂದು ಎರಡೇ ವರ್ಷ ಆಯ್ತು," ಎಂದ ಆತ ಟೋಪಿ ತೆಗೆಯುತ್ತ. "ಹಿಂದಿನದೆಲ್ಲ ನನಗೆ ಅಷ್ಟಾಗಿ ಗೊತ್ತಿಲ್ಲ."

"ಗೊತ್ತಿಲ್ಲದವರನ್ನೇ ಕಳಿಸ್ತಾರೆ," ಎಂದಳು ಮಗಳು.

ಸತ್ತವನು ವಾಯುನೆಲೆಯ ಉಗ್ರಾಣದಲ್ಲಿ ಸ್ಟೋರ್ ಕೀಪರ್ ಆಗಿದ್ದವನು. ಮೊನ್ನೆ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಬ್ರಷ್ಷು ಬಾಯಲ್ಲಿರುವಂತೆಯೇ ಕುಸಿದಿದ್ದ. ಅರವತ್ಮೂರು ವರ್ಷ. ನಿವೃತ್ತನಾಗಿ ಮೂರು ವರ್ಷ. ಅದಕ್ಕೆ ಮೊದಲಿನ ಎಂಟು ವರ್ಷ ನೆಲೆಯ ಹಿಂಬದಿಯ ಗುಜರಿ ಅಂಗಳದ ಗೇಟಿನಲ್ಲಿ, ಬರುವ ಹೋಗುವ ಲಾರಿಗಳ ನಂಬರು ಬರೆಯುತ್ತ ಕೂತಿದ್ದ. ಅದು ಅವನಿಗೆ ಸಿಕ್ಕ ಶಿಕ್ಷೆ.

ಚಿಕ್ಕ ಕೋಣೆಯಲ್ಲಿ ಹೆಚ್ಚು ಜನರಿರಲಿಲ್ಲ. ಹೆಂಡತಿ ತಲೆಯ ಬಳಿ ಸ್ಟೂಲಿನ ಮೇಲೆ ಕೂತಿದ್ದಳು. ಅವಳ ತಮ್ಮ, ಎದುರು ಮನೆಯ ಸೈಕಲ್ ರಿಪೇರಿಯವನು, ಮತ್ತೆ ಗ್ರೀಸ್ ಮಾಮ. ಈತ ಅದೇ ನೆಲೆಯಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವನು, ಸತ್ತವನ ಏಕೈಕ ಗೆಳೆಯ. ಎಷ್ಟು ಸೋಪು ಹಾಕಿ ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಹೋಗದ್ದರಿಂದ ಆ ಹೆಸರು. ಪೆಟ್ಟಿಗೆ ಹೊರುವವರು ಇವರೇ ಎಂದು ಬೆಳಿಗ್ಗೆ ಮಾತಾಗಿತ್ತು: ಮಗಳು, ಅವಳ ಸೋದರಮಾವ, ಸೈಕಲ್‌ನವನು, ಗ್ರೀಸ್ ಮಾಮ. ಸ್ಮಶಾನ ಬೀದಿಯ ಕೊನೆಯಲ್ಲೇ ಇತ್ತು. ಗಾಡಿ ಬೇಕಿರಲಿಲ್ಲ.

ಅಧಿಕಾರಿ ಒಳಗೆ ಬಂದು ಕೂರಲು ಜಾಗ ಹುಡುಕುತ್ತಿದ್ದಾಗ ಅವನ ಬೆನ್ನ ಹಿಂದೆ ಇನ್ನೊಬ್ಬರು ಬಂದರು. ಬೀದಿಯ ತಿರುವಿನಲ್ಲಿ ಬಟ್ಟೆ ಹೊಲಿಯುವ ಮುದುಕಿ. ತೀರ ಕುಳ್ಳಿ, ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಕೋಣೆಯಲ್ಲಿದ್ದವರು ಬಾಗಿಲತ್ತ ತಿರುಗಿದರು.

ಹನ್ನೊಂದು ವರ್ಷದಲ್ಲಿ ಆಕೆ ಈ ಮನೆಯ ಮುಂದೆ ನಡೆದದ್ದೇ ಇಲ್ಲ. ಬಸ್ಸಿಗೆ ಹೋಗುವಾಗಲೂ ಒಂದು ಬೀದಿ ಸುತ್ತಿ ಹೋಗುತ್ತಿದ್ದಳು.

"ನೋಡ್ಬೇಕು ಅನ್ನಿಸ್ತು," ಎಂದಳು ಮುದುಕಿ. "ನನ್ನ ಮಗನ್ನ ಸುಟ್ಟವನು ಹೇಗೆ ಸತ್ತಿದ್ದಾನೆ ಅಂತ."

ಮಗಳು ಒಂದು ಹೆಜ್ಜೆ ಮುಂದೆ ಬಂದಳು. ಅವಳ ತಾಯಿ ಮಣಿಕಟ್ಟು ಹಿಡಿದು ತಡೆದಳು.

"ಬನ್ನಿ ಅಕ್ಕಾ," ಎಂದಳು ತಾಯಿ. "ಕೂತ್ಕೊಳ್ಳಿ. ಟೀ ತರ್ತೀನಿ."

*

ಆ ವಿಮಾನದಲ್ಲಿ ಬಾಂಬು ಇರಲಿಲ್ಲ, ಬಂದೂಕೂ ಇರಲಿಲ್ಲ. ಹೊಟ್ಟೆಯ ಕೆಳಗೂ ಬೆನ್ನ ಮೇಲೂ ಉಬ್ಬುಗಳಿದ್ದ ಮುದಿ ವಿಮಾನ. ಶತ್ರುವಿನ ರಾಡಾರಿನ ಕಣ್ಣಿಗೆ ಮಣ್ಣೆರಚುವುದು, ಅವರ ರೇಡಿಯೋದಲ್ಲಿ ಗದ್ದಲ ತುಂಬುವುದು ಅದರ ಕೆಲಸ. ಹಿಂಭಾಗದಲ್ಲಿ ಕಿಟಕಿಯಿಲ್ಲದ ಉದ್ದನೆಯ ಕೋಣೆ. ಅಲ್ಲಿ ಏಳು ಜನ ಪರದೆಗಳ ಮುಂದೆ ಕೂರುತ್ತಿದ್ದರು.

"ಇದು ಬಾಯಿಬಡುಕಿ ಅತ್ತೆ ಇದ್ದ ಹಾಗೆ," ಎನ್ನುತ್ತಿದ್ದ ಗ್ರೀಸ್ ಮಾಮ. "ಯಾರ ಮೇಲೂ ಕೈ ಎತ್ತಲ್ಲ. ಆದ್ರೆ ಬಾಯಿ ತೆಗೆದ್ಲು ಅಂದ್ರೆ ಸುತ್ತಮುತ್ತ ಯಾರಿಗೂ ಯಾರ ಮಾತೂ ಕೇಳಿಸಲ್ಲ."

ಅಂಥವು ಐದಿದ್ದವು. ಅವನ್ನು ಕಟ್ಟಿದ ಕಾರ್ಖಾನೆ ಬಾಗಿಲು ಹಾಕಿ ಇಪ್ಪತ್ತು ವರ್ಷವಾಗಿತ್ತು. ಹಾಗಾಗಿ ಐದನೆಯದನ್ನು ಬಿಚ್ಚಿ ನಾಲ್ಕನ್ನು ಹಾರಿಸುತ್ತಿದ್ದರು. ಐದನೆಯದರ ಒಂದೊಂದು ಬೋಲ್ಟೂ ಎಲ್ಲಿದೆ, ಯಾವ ವಿಮಾನದ ಹೊಟ್ಟೆ ಸೇರಿದೆ ಎಂದು ತಿಳಿದಿದ್ದವನು ಸ್ಟೋರ್ ಕೀಪರ್ ಒಬ್ಬನೇ. ಅವನು ಕೈಗೆ ಬಂದ ಪ್ರತಿಯೊಂದಕ್ಕೂ ದಾರ ಪೋಣಿಸಿ ಚೀಟಿ ಕಟ್ಟುತ್ತಿದ್ದ. ಸರಿಯಿದ್ದದ್ದಕ್ಕೆ ಹಸಿರು, ರಿಪೇರಿಗೆ ಹಳದಿ, ಯಾವ ಕಾರಣಕ್ಕೂ ವಿಮಾನಕ್ಕೆ ಹೋಗಕೂಡದ್ದಕ್ಕೆ ಕೆಂಪು. ನೆಲೆಯಲ್ಲಿ ಎಲ್ಲರೂ ಅವನನ್ನು ಚೀಟಪ್ಪ ಎಂದೇ ಕರೆಯುತ್ತಿದ್ದರು.

ಮನೆಯಲ್ಲೂ ಅದೇ ಕಾಟ. ಉಪ್ಪಿನ ಡಬ್ಬಿಗೆ ತಾರೀಖು, ಔಷಧಿ ಬಾಟಲಿಗೆ ತಾರೀಖು, ಛತ್ರಿ ಕೊಂಡ ದಿನ ಛತ್ರಿಯ ಹಿಡಿಗೆ. ಒಮ್ಮೆ ಹೆಂಡತಿ ಸಾಕಾಗಿ ಅವನು ಮಲಗಿದ್ದಾಗ ಅಂಗಿಯ ಗುಂಡಿಗೆ ಹಳದಿ ಚೀಟಿ ಕಟ್ಟಿದ್ದಳು. ಅವನು ಹಾಗೇ ಕೆಲಸಕ್ಕೆ ಹೋದ. ಮಧ್ಯಾಹ್ನದ ತನಕ ಯಾರೂ ಹೇಳಲಿಲ್ಲ.

ಕೆಲಸದ ವಿಷಯ ಮಾತ್ರ ಅವನ ಬಾಯಲ್ಲಿ ಬರುತ್ತಿರಲಿಲ್ಲ. ಸೇರಿದ ದಿನವೇ ಗುಟ್ಟು ಬಿಡುವುದಿಲ್ಲವೆಂದು ಸಹಿ ಹಾಕಿದ್ದ. "ನಿಮ್ಮ ತಂದೆಯ ಉದ್ಯೋಗ" ಎಂದು ಶಾಲೆಯಲ್ಲಿ ಪ್ರಬಂಧ ಬರೆಯಲು ಹೇಳಿದಾಗ ಮಗಳು ಒಂದೇ ಸಾಲು ಬರೆದಿದ್ದಳು: ನಮ್ಮ ಅಪ್ಪ ಚೀಟಿ ಕಟ್ಟುತ್ತಾರೆ.

*

ಮುದುಕಿ ಟೀ ಮುಟ್ಟಲಿಲ್ಲ. ಪೆಟ್ಟಿಗೆಯ ಹತ್ತಿರವೂ ಹೋಗಲಿಲ್ಲ. ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ದೂರದಿಂದಲೇ ನೋಡುತ್ತಿದ್ದಳು.

ಅಧಿಕಾರಿ ಕಡತ ಬಿಚ್ಚಿದ. ಆ ವಿಮಾನಗಳು ಬರುವ ತಿಂಗಳು ಸೇವೆಯಿಂದ ನಿವೃತ್ತಿಯಾಗುತ್ತವಂತೆ. ಒಂದನ್ನು ನೆಲೆಯ ಹೆಬ್ಬಾಗಿಲಲ್ಲಿ ಕಂಬದ ಮೇಲೆ ನಿಲ್ಲಿಸುತ್ತಾರಂತೆ. ಅವುಗಳಿಗಾಗಿ ದುಡಿದವರನ್ನೆಲ್ಲ ಗೌರವಿಸಬೇಕೆಂದು ಮೇಲಿನಿಂದ ಆದೇಶವಾಗಿದೆಯಂತೆ.

"ಅಷ್ಟರಲ್ಲಿ ಹೀಗಾಯ್ತು. ಮುಖ್ಯ ಕಚೇರಿಯಿಂದ ಸಂತಾಪದ ಪತ್ರ ಬಂದಿದೆ. ಹಳೇ ಸಹೋದ್ಯೋಗಿ ಯಾರಾದ್ರೂ ಓದಿದ್ರೆ ಚೆನ್ನಾಗಿರುತ್ತೆ ಅಂತ..." ಎಂದು ಆತ ಸುತ್ತ ನೋಡಿ, ಉಗುರು ಕಂಡು ಗುರುತು ಹಿಡಿದವನಂತೆ ಪತ್ರವನ್ನು ಗ್ರೀಸ್ ಮಾಮನ ಕೈಗೆ ಕೊಟ್ಟ.

ಗ್ರೀಸ್ ಮಾಮ ಕನ್ನಡಕ ಹಾಕಿಕೊಂಡು ಎದ್ದು ನಿಂತ. "ಶಿಸ್ತಿಗೆ ಹೆಸರಾಗಿದ್ದ, ಒಂದು ಮೊಳೆಯನ್ನೂ ಪರೀಕ್ಷಿಸದೆ ಕೊಡದಿದ್ದ ಈ ಸಿಬ್ಬಂದಿಯೊಡನೆ ಕೆಲಸ ಮಾಡುವ ಭಾಗ್ಯ ನನಗೂ ಒದಗಿತ್ತು..." ಬಾಗಿಲ ಬಳಿ ಮುದುಕಿ ಮೂಗಿನಲ್ಲೇ ನಕ್ಕಳು. ಅವನು ಇನ್ನೂ ಎರಡು ಸಾಲು ಓದಿದ. ಕೆಳಗಿನ ಸಹಿಯ ಹತ್ತಿರ ಬಂದಾಗ ಧ್ವನಿ ನಿಂತಿತು.

"ಓದಿ ಮಾಮ," ಎಂದಳು ಮಗಳು. "ಯಾರು ಬರೆದಿದ್ದು?"

ಅವನು ಪತ್ರವನ್ನು ಮಡಚಿದ. ಮತ್ತೆ ಬಿಚ್ಚಿದ. ಪೆಟ್ಟಿಗೆಯ ಕಡೆ ನೋಡಿದ.

"ಅವನೇ," ಎಂದ. "ನಮ್ಮ ಉಗ್ರಾಣದ ಮುಖ್ಯಸ್ಥ. ಈಗ ಎಲ್ಲರಿಗಿಂತ ಮೇಲೆ ಕೂತಿದ್ದಾನೆ. ಕೆಂಪು ಚೀಟಿ ಕಿತ್ತವನು."

"ಯಾವ ಕೆಂಪು ಚೀಟಿ?" ಎಂದಳು ಬಾಗಿಲ ಬಳಿಯಿಂದ ಮುದುಕಿ.

ಅಧಿಕಾರಿ ಕೈಯೆತ್ತಿದ. "ದಯವಿಟ್ಟು. ಈ ವಿಮಾನದ ವಿಚಾರ ಹೊರಗೆ ಮಾತಾಡೋ ಹಾಗಿಲ್ಲ. ನೀವೂ ಸಹಿ ಹಾಕಿದವರು."

"ಹಾಕಿದ್ದೀನಿ," ಎಂದ ಗ್ರೀಸ್ ಮಾಮ. "ಇವನೂ ಹಾಕಿದ್ದ. ಅದಕ್ಕೇ ಇವನು ಬಾಯಿ ಬಿಡದೆ ಸತ್ತ."

*

ವಿಮಾನದ ಹಿಂಕೋಣೆಯ ಯಂತ್ರಗಳು ಕೆಲಸಕ್ಕೆ ಶುರುವಿಟ್ಟರೆ ಒಲೆಯಂತೆ ಕಾಯುತ್ತಿದ್ದವು. ಅವನ್ನು ತಣ್ಣಗಿಡಲು ಕೊಳವೆಗಳಲ್ಲಿ ಎಣ್ಣೆ ಹರಿಯುತ್ತಿತ್ತು. ಕೊಳವೆಯ ಪ್ರತಿ ಕೀಲಿನಲ್ಲೂ ಒಂದು ರಬ್ಬರಿನ ರಿಂಗು. ಕಾಗದದಲ್ಲಿ ಅದಕ್ಕೆ ಹದಿಮೂರು ಅಂಕಿಯ ಹೆಸರು. ಗಾತ್ರದಲ್ಲಿ ಕಿರುಬೆರಳಿಗೆ ಸರಿಯಾದ ಉಂಗುರ. ರಬ್ಬರಿಗೆ ಆಯುಸ್ಸುಂಟು. ಪೊಟ್ಟಣದ ಮೇಲಿನ ತಾರೀಖು ದಾಟಿದರೆ ಅದು ಕೂತಲ್ಲೇ ಒಣಗಿ ಬಿರುಕು ಬಿಡುತ್ತದೆ.

ಆ ವರ್ಷ ಹೊಸ ಸರಬರಾಜುದಾರನಿಂದ ಇನ್ನೂರು ರಿಂಗು ಬಂದವು. ಚೀಟಪ್ಪ ಒಂದನ್ನು ತೆಗೆದು ಬೆರಳಿಗೆ ಹಾಕಿ ಎಳೆದ. ಆಮೇಲೆ ಪೊಟ್ಟಣವನ್ನು ಟೀ ಕೆಟಲಿನ ಹಬೆಗೆ ಹಿಡಿದ. ಮೇಲಿನ ಲೇಬಲ್ಲು ನಯವಾಗಿ ಬಿಟ್ಟುಕೊಂಡಿತು. ಅಡಿಯಲ್ಲಿ ಇನ್ನೊಂದು ಲೇಬಲ್ಲು. ಅದರ ತಾರೀಖು ಮುಗಿದು ಒಂಬತ್ತು ವರ್ಷವಾಗಿತ್ತು.

ಡಬ್ಬಕ್ಕೆ ಕೆಂಪು ಚೀಟಿ ಕಟ್ಟಿ, ವರದಿ ಬರೆದು, ಮುಖ್ಯಸ್ಥನ ಮೇಜಿನ ಮೇಲಿಟ್ಟ.

"ನಾಡಿದ್ದು ದೊಡ್ಡವರು ಬರ್ತಿದ್ದಾರೆ," ಎಂದ ಮುಖ್ಯಸ್ಥ. "ನಾಲ್ಕೂ ವಿಮಾನ ಹಾರ್ಬೇಕು. ನಾಲ್ಕು ಅಂದ್ರೆ ನಾಲ್ಕು."

"ಮೂರು ಹಾರ್ತವೆ ಸರ್. ನಾಲ್ಕನೇದಕ್ಕೆ ರಿಂಗಿಲ್ಲ."

"ಡಬ್ಬದ ತುಂಬ ಇದೆಯಲ್ಲ."

"ಅದು ರಿಂಗಲ್ಲ ಸರ್. ರಿಂಗಿನ ಹೆಣ."

ಮುಖ್ಯಸ್ಥ ನಕ್ಕ. ಒಳ್ಳೆಯ ಮಾತೆಂದು ಹೊಗಳಿದ. ಎರಡು ದಿನ ರಜೆ ತಗೋ, ಮುಖ ಬಾಡಿದೆ ಎಂದ. ಚೀಟಪ್ಪ ರಜೆ ಕೇಳಿರಲಿಲ್ಲ. ಆದರೂ ಮಂಜೂರಾದ ರಜೆಯ ಕಾಗದ ಸಂಜೆಗೆ ಕೈಗೆ ಬಂತು.

ಮರುದಿನ ಉಗ್ರಾಣದ ಕಿಟಕಿಯಲ್ಲಿ ಗ್ರೀಸ್ ಮಾಮನಿಗೆ ಹನ್ನೆರಡು ರಿಂಗು ಕೊಟ್ಟವನು ಸ್ವತಃ ಮುಖ್ಯಸ್ಥ. ಡಬ್ಬದ ಕೊರಳಲ್ಲಿ ತುಂಡಾದ ದಾರ ನೇತಾಡುತ್ತಿತ್ತು. ಕೆಂಪು ಚೀಟಿ ಮೇಜಿನ ಕೆಳಗೆ ಕಸದ ಬುಟ್ಟಿಯಲ್ಲಿತ್ತು. ಗ್ರೀಸ್ ಮಾಮ ಅದನ್ನು ಕಂಡ. ಚೀಟಪ್ಪನ ಅಕ್ಷರವನ್ನೂ ಕಂಡ. ಮುಖ್ಯಸ್ಥ, "ಏನು?" ಎಂದ. ಅವನು, "ಏನಿಲ್ಲ ಸರ್," ಎಂದ. ಹೋಗಿ ಹನ್ನೆರಡನ್ನೂ ಹಾಕಿದ.

ಅದರ ಮಾರನೆಯ ದಿನ ನಾಲ್ಕೂ ವಿಮಾನಗಳು ಹಾರಿದವು. ದೊಡ್ಡವರು ಕೆಳಗೆ ನಿಂತು ಕೈಬೀಸಿದರು. ನಲವತ್ತು ನಿಮಿಷದ ಮೇಲೆ ನಾಲ್ಕನೆಯದರ ಹಿಂಕೋಣೆಯಲ್ಲಿ ಕಾದ ಎಣ್ಣೆ ಪಿಚಕಾರಿಯಂತೆ ಚಿಮ್ಮಿ ಹೊತ್ತಿಕೊಂಡಿತು. ಪೈಲಟ್ ಹೇಗೋ ಇಳಿಸಿದ. ಏಳರಲ್ಲಿ ಐದು ಜನ ಹೊರಗೆ ಬಂದರು. ಕೊಳವೆಗೆ ಹತ್ತಿರದ ಎರಡು ಕುರ್ಚಿಗಳಲ್ಲಿದ್ದವರು ಬರಲಿಲ್ಲ. ಅವರಲ್ಲೊಬ್ಬ ಹೊಲಿಗೆಯ ಮುದುಕಿಯ ಮಗ. ಇಪ್ಪತ್ತಾರು ವರ್ಷ.

ವಿಚಾರಣೆ ನಾಲ್ಕು ದಿನ ನಡೆಯಿತು. ರಿಂಗುಗಳನ್ನು ಬಿಸಿನೀರಿನ ಕೊಳವೆ ಹಾದ ಗೋಡೆಯ ಕಪಾಟಿನಲ್ಲಿಟ್ಟು ಕೆಡಿಸಿದ್ದು ಸ್ಟೋರ್ ಕೀಪರನ ಬೇಜವಾಬ್ದಾರಿ ಎಂದು ಬರೆದರು. ಆ ಕೊಳವೆಯನ್ನು ಕತ್ತರಿಸಿ ಏಳು ವರ್ಷವಾಗಿತ್ತು. ಒಬ್ಬನಾದರೂ ಬಂದು ಗೋಡೆ ಮುಟ್ಟಿ ನೋಡಲಿಲ್ಲ. ಕೆಂಪು ಚೀಟಿ ಕಟ್ಟಿದ್ದೆ ಎಂದು ಚೀಟಪ್ಪ ಹೇಳಿದ. ಎಲ್ಲಿದೆ ತೋರಿಸು ಎಂದರು. ಬರೆದ ವರದಿ? ಅಂಥದ್ದು ಬಂದಿಲ್ಲ ಎಂದ ಮುಖ್ಯಸ್ಥ. ನೀನು ಕಂಡಿದ್ದೆಯಾ ಎಂದು ಗ್ರೀಸ್ ಮಾಮನನ್ನು ಕೇಳಿದರು.

ವಿಚಾರಣೆಯ ವರದಿ ಗುಟ್ಟಿನದು. ಆದರೆ ತಪ್ಪು ಸ್ಟೋರ್ ಕೀಪರನದೇ ಎಂಬ ಅದರ ಕೊನೆಯ ಸಾಲು ಅದೇ ಸಂಜೆ ಬೀದಿಯಲ್ಲಿತ್ತು.

*

"ಏನಂದೆ ಆಗ?" ಎಂದಳು ಮುದುಕಿ.

ಗ್ರೀಸ್ ಮಾಮ ನಿಂತೇ ಇದ್ದ. ಕನ್ನಡಕ ಕೈಯಲ್ಲಿತ್ತು. "ನೋಡಿಲ್ಲ ಅಂದೆ."

"ಮತ್ತೆ ಆ ರಿಂಗು ಹಾಕಿದ್ದು?"

"ನಾನೇ ಅಕ್ಕಾ. ಈ ಕೈಯಲ್ಲೇ."

"ಕೆಟ್ಟದ್ದು ಅಂತ ಗೊತ್ತಿದ್ದೂ."

"ಗೊತ್ತಿತ್ತು. ಚೀಟಪ್ಪ ಕೆಂಪು ಕಟ್ಟಿದ್ದಾನೆ ಅಂದ್ರೆ ಅದು ಕೆಟ್ಟದ್ದೇ. ಇಪ್ಪತ್ತು ವರ್ಷದಲ್ಲಿ ಅವನು ಒಂದ್ಸಲಾನೂ ತಪ್ಪು ಕಟ್ಟಿರ್ಲಿಲ್ಲ."

ಮುದುಕಿ ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು.

"ಹನ್ನೊಂದು ವರ್ಷ ನನ್ನ ಅಂಗಡೀಲಿ ಬಟ್ಟೆ ಹೊಲಿಸ್ಕೊಂಡೆ ನೀನು," ಎಂದಳು. "ಬಂದಾಗೆಲ್ಲ ನನ್ನ ಮಗನ ಫೋಟೋ ನೋಡಿ, ಪಾಪ, ಚಿನ್ನದಂಥ ಹುಡುಗ ಅಂತಿದ್ದೆ. ಈ ಮೈಮೇಲಿರೋ ಅಂಗಿ ನಾನು ಹೊಲಿದಿದ್ದು. ನಿನ್ನ ಕತ್ತಿನ ಅಳತೆ ನಂಗೆ ಬಾಯಿಪಾಠ."

ಅವನ ಕೈ ಕಾಲರಿನ ಗುಂಡಿಗೆ ಹೋಯಿತು.

"ಅಮ್ಮಾ," ಎಂದ ಅಧಿಕಾರಿ, ಯಾರನ್ನು ಎಂದು ಸ್ಪಷ್ಟವಿಲ್ಲದೆ, "ನಿಮ್ಮ ನೋವು ಅರ್ಥ ಆಗುತ್ತೆ. ಆದ್ರೆ ಇದು ರಹಸ್ಯ ಕಾಯ್ದೆಗೆ ಬರೋ ವಿಷಯ. ಇಲ್ಲಿ ಕೇಳಿದ್ದನ್ನ ಯಾರೂ..."

ಹೆಂಡತಿ ಸ್ಟೂಲಿನಿಂದ ಎದ್ದಳು.

"ಬನ್ನಿ," ಎಂದಳು ಅಧಿಕಾರಿಗೆ. "ಅಡುಗೆಮನೆಗೆ ಬನ್ನಿ. ನಮ್ಮ ನಲ್ಲಿಯೊಳಗೂ ಅಂಥದ್ದೇ ಒಂದು ರಿಂಗಿದೆ. ಬಿಚ್ಚಿ ತೋರಿಸ್ತೀನಿ. ಅದೂ ಗುಟ್ಟಾ? ರಾಡಾರಿನ ಗುಟ್ಟು ಯಾರಿಗೆ ಬೇಕಾಗಿದೆ ಇಲ್ಲಿ? ನಿಮ್ಮವನೊಬ್ಬ ಕಳ್ಳ ಲೇಬಲ್ ಅಂಟಿಸಿದ ಸಾಮಾನು ತಗೊಂಡ. ಇಬ್ಬರು ಸುಟ್ಟುಹೋದ್ರು. ನನ್ನ ಗಂಡನ ಹಣೆಗೆ ಬರೆದ್ರಿ. ಇಷ್ಟೇ. ಇದನ್ನ ಮುಚ್ಚೋಕೆ ನಿಮಗೆ ದೇಶ ಬೇಕು, ಕಾಯ್ದೆ ಬೇಕು."

"ನಾನು ಆಗ..."

"ಇರ್ಲಿಲ್ಲ. ಕೇಳಿಸ್ತು. ಈಗ ಇದ್ದೀರಲ್ಲ."

ಮಗಳು ತಾಯಿಯನ್ನು ನೋಡುತ್ತಿದ್ದಳು. "ನಿಂಗೆ ಗೊತ್ತಿತ್ತಾ ಅಮ್ಮ?"

"ಗೊತ್ತಿತ್ತು."

"ನಂಗ್ಯಾಕೆ ಹೇಳ್ಲಿಲ್ಲ? ಕಾಲೇಜಲ್ಲಿ ನನ್ನ ಪಕ್ಕ ಯಾರೂ ಕೂರ್ತಿರ್ಲಿಲ್ಲ. ನಾನೂ ಅಪ್ಪಂದೇ ತಪ್ಪು ಅಂದ್ಕೊಂಡಿದ್ದೆ. ಒಂದು ವರ್ಷ ಅವರ ಜೊತೆ ಮಾತು ಬಿಟ್ಟಿದ್ದೆ."

"ಇದೊಂದನ್ನ ನಂಗೊಬ್ಬಳಿಗೇ ಹೇಳಿದ್ರು. ನಿಂಗೆ ಹೇಳ್ಬೇಡ ಅಂತ ಕೈ ಹಿಡ್ಕೊಂಡು ಕೇಳಿದ್ರು. ನೀನು ಕೋಪಿಷ್ಠೆ, ನೆಲೆಯ ಗೇಟಿಗೆ ಹೋಗಿ ಕೂಗ್ತೀಯ, ನಿನ್ನನ್ನೂ ಒಳಗೆ ಹಾಕ್ತಾರೆ ಅಂತ."

ಮಗಳು ಪೆಟ್ಟಿಗೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

*

ಬೆಂಕಿ ಬಿದ್ದ ಎರಡು ತಿಂಗಳಿಗೆ ಚೀಟಪ್ಪ ಹೊಲಿಗೆಯಂಗಡಿಗೆ ಹೋಗಿದ್ದ. ಕೈಯಲ್ಲಿ ಹೊಲಿಗೆ ಬಿಟ್ಟ ಪ್ಯಾಂಟೊಂದು. ಮಾತಿಗೆ ನೆಪ ಬೇಕಲ್ಲ. ದಾರಿಯುದ್ದಕ್ಕೂ ಹೇಳಬೇಕಾದ ಮೊದಲ ವಾಕ್ಯವನ್ನು ಮನಸ್ಸಿನಲ್ಲೇ ತಿದ್ದಿ ತಿದ್ದಿ ಇಟ್ಟುಕೊಂಡಿದ್ದ.

ಹೊಲಿಗೆ ಯಂತ್ರ ನಿಂತಿತು. ಅಂಗಡಿಯಲ್ಲಿ ಇನ್ನೂ ಮೂವರು ಗಿರಾಕಿಗಳಿದ್ದರು.

"ಮಗನ್ನ ಸುಟ್ಟ ಕೈಯಲ್ಲಿ ಪ್ಯಾಂಟ್ ಕೊಡ್ತೀಯಾ?" ಎಂದಳು ಆಕೆ.

ಅವನು ಬಾಯಿ ತೆರೆದ. ಗಿರಾಕಿಗಳತ್ತ ನೋಡಿದ. ಬಾಯಿ ಮುಚ್ಚಿದ.

ಆಕೆ ಅವನ ಕಾಲ ಬಳಿ ಉಗುಳಿದಳು. ಅವನು ಒಂದು ಕ್ಷಣ ಹಾಗೇ ನಿಂತಿದ್ದು, ಜೇಬಿನಿಂದ ಕರವಸ್ತ್ರ ತೆಗೆದು, ಬಗ್ಗಿ ನೆಲ ಒರೆಸಿದ. ಇನ್ಯಾರಾದರೂ ಜಾರಿ ಬಿದ್ದಾರು ಎಂಬಂತೆ. ಆಮೇಲೆ ಪ್ಯಾಂಟನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದ. ಹೆಂಡತಿ ಕೇಳಿದ್ದಕ್ಕೆ, "ಇವತ್ತು ರಶ್ ಇತ್ತು," ಎಂದ.

*

ಹೊರಡುವ ಹೊತ್ತಾಗಿತ್ತು. ಮುಚ್ಚಳ ಹಾಕುವ ಮೊದಲು ಮುದುಕಿ ಕುರ್ಚಿ ಬಿಟ್ಟು ಎದ್ದು ಬಂದಳು. ಪೆಟ್ಟಿಗೆಯೊಳಗೆ ಬಹಳ ಹೊತ್ತು ನೋಡಿದಳು. ಸತ್ತವನ ಕಾಲರು ಒಂದು ಕಡೆ ಮಡಚಿಕೊಂಡಿತ್ತು. ಅದನ್ನು ಬೆರಳಿನಿಂದ ಸರಿಮಾಡಿದಳು.

ಸೋದರಮಾವ ಮುಚ್ಚಳ ಹಾಕಿ ತಿರುಪು ಬಿಗಿದ. ಮಗಳು ಮುಂದಿನ ಬಲಗಡೆ, ಅವಳ ಎಡಕ್ಕೆ ಸೈಕಲ್‌ನವನು, ಹಿಂದೆ ಸೋದರಮಾವ. ಗ್ರೀಸ್ ಮಾಮ ತನ್ನ ಮೂಲೆಗೆ ಬಂದು ಬಗ್ಗಿದ.

"ನೀವು ಬೇಡ," ಎಂದಳು ಮಗಳು.

ಅವನು ಬಗ್ಗಿದಲ್ಲೇ ತಲೆಯೆತ್ತಿದ.

"ಮೊನ್ನೆಯಿಂದ ಇಲ್ಲೇ ಇದ್ದೀರಿ, ಪೆಟ್ಟಿಗೆ ತಂದಿದ್ದೂ ನೀವೇ. ಗೊತ್ತು. ಇವತ್ತು ಬಾಯಿ ಬಿಟ್ರಿ, ಅದೂ ಗೊತ್ತು. ಮೂರು ದಿನ ಮೊದಲು ಬಿಟ್ಟಿದ್ರೆ ಅಪ್ಪ ಕೇಳಿಸ್ಕೊಳ್ತಿದ್ರು. ಹಿಂದೆ ನಡ್ಕೊಂಡು ಬನ್ನಿ ಮಾಮ. ಹೊರಬೇಡಿ."

ಗ್ರೀಸ್ ಮಾಮ ನೆಟ್ಟಗಾದ. ತಲೆಯಾಡಿಸಿ ಗೋಡೆಗೆ ಸರಿದ.

ಅಧಿಕಾರಿ ತನ್ನ ಇಬ್ಬರತ್ತ ಸನ್ನೆ ಮಾಡಿದ. "ನಮ್ಮವರು ಹೊರ್ತಾರೆ. ಅದು ನಮ್ಮ ಗೌರವ."

"ಆ ಪತ್ರಾನ ವಾಪಸ್ ತಗೊಂಡು ಹೋಗಿ," ಎಂದಳು ಮಗಳು. "ಸಹಿ ಹಾಕಿದವನಿಗೆ ಕೊಡಿ. ಹೆಬ್ಬಾಗಿಲಲ್ಲಿ ವಿಮಾನ ನಿಲ್ಲಿಸ್ತೀರಲ್ಲ, ಅವತ್ತು ನಾನೂ ಬರ್ತೀನಿ ಅಂತ ಹೇಳಿ. ಬಸ್ ತಗೊಂಡೇ ಬರ್ತೀನಿ. ಈ ಬೀದಿಯವರಿಗೆಲ್ಲ ಸೀಟಿದೆ."

ಅಧಿಕಾರಿ ಪತ್ರವನ್ನು ಕಡತದೊಳಗೆ ಸೇರಿಸಿದ. ಟೋಪಿ ಹಾಕಿಕೊಳ್ಳಬೇಕೋ ಬೇಡವೋ ತಿಳಿಯದೆ ಕೈಯಲ್ಲೇ ಹಿಡಿದು ನಿಂತ.

ನಾಲ್ಕನೆಯ ಮೂಲೆ ಖಾಲಿಯಿತ್ತು. ಮುದುಕಿ ಕೊರಳಿನ ಟೇಪು ತೆಗೆದು ಸುತ್ತಿ ಹೆಂಡತಿಯ ಕೈಗೆ ಕೊಟ್ಟಳು. ಹೋಗಿ ಆ ಮೂಲೆಯಲ್ಲಿ ನಿಂತಳು.

"ಅಕ್ಕಾ, ನಿಮ್ಮ ಕೈಲಾಗಲ್ಲ," ಎಂದ ಸೋದರಮಾವ ಮೆಲ್ಲಗೆ. "ಭಾರ ಇದೆ."

"ಎತ್ತು," ಎಂದಳು ಮುದುಕಿ.

ಹೆಗಲಿಗೆ ಎತ್ತಿದರು. ಪೆಟ್ಟಿಗೆ ಒಮ್ಮೆಲೇ ಅವಳ ಕಡೆಗೆ ವಾಲಿತು. ಅವಳ ಹೆಗಲು ಸೋದರಮಾವನ ಮೊಣಕೈಗಿಂತ ಸ್ವಲ್ಪವೇ ಮೇಲಿತ್ತು. ಅವಳು ಹಿಡಿ ಬಿಡಲಿಲ್ಲ. ಹೊಸ್ತಿಲು ದಾಟಿ, ಗೋಡೆಗೆ ಒರಗಿದ್ದ ಹೂವಿನ ಚಕ್ರವನ್ನು ದಾಟಿ ಬೀದಿಗೆ ಬಂದರು. ಅಲ್ಲಿಂದ ಏರು. ಅಂಗಡಿಗಳವರು ಬಾಗಿಲಿಗೆ ಬಂದು ನಿಂತರು. ಯಾರು ಹೊತ್ತಿದ್ದಾರೆಂದು ಕಂಡವರು ಮಾತು ನಿಲ್ಲಿಸಿದರು.

ಹತ್ತು ಹೆಜ್ಜೆಯ ಮೇಲೆ ಮಗಳು ಮೊದಲು ಮೊಣಕಾಲು ಬಗ್ಗಿಸಿದಳು. ಅವಳನ್ನು ನೋಡಿ ಸೈಕಲ್‌ನವನು, ಆಮೇಲೆ ಸೋದರಮಾವ. ಪೆಟ್ಟಿಗೆ ನಿಧಾನವಾಗಿ ಸಮವಾಯಿತು. ಹಾಗೆ ಮೂವರೂ ಅರ್ಧ ಕೂತವರಂತೆ, ತೊಡೆ ನಡುಗುತ್ತಿದ್ದರೂ, ಮುದುಕಿಯ ಎತ್ತರಕ್ಕೆ ಇಳಿದು ಅವಳ ಚಿಕ್ಕ ಹೆಜ್ಜೆಗೆ ಹೆಜ್ಜೆ ಸೇರಿಸುತ್ತ ಏರು ಹತ್ತಿದರು.